ಗೂಬೆಯ ಮೈಮೇಲಿನ ಉಳಿಗಾಯ

ನಮ್ಮ ಸೀಮೆಯಲ್ಲಿ ಗೂಬೆ ಮನೆಯೊಳಗೆ ಹೊಕ್ಕರೆ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸುವುದುಂಟು. ಪ್ರಾಚೀನ ಅಥೆನ್ಸಿನವರು ಅದೇ ಗೂಬೆಯನ್ನು ಬೆಳ್ಳಿ ನಾಣ್ಯದ ಮೇಲೆ ಟಂಕಿಸಿ, ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಮೆಡಿಟರೇನಿಯನ್ ಸಮುದ್ರದ ಬಂದರುಗಳಿಗೆಲ್ಲ ಕಳುಹಿಸಿದರು, ಮತ್ತು ಯಾವ ಬಂದರಿನವರೂ ಅದನ್ನು ಬೇಡವೆನ್ನಲಿಲ್ಲ. ನಾನು ಪರದೇಶದಲ್ಲಿ ನೌಕರಿಯಲ್ಲಿದ್ದಾಗ ಅಂಥದೊಂದು ಗೂಬೆಯನ್ನು ಕೊಂಡ ಸುದ್ದಿ ತಿಳಿದು ನನ್ನ ತಾಯಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ದೇವರ ಮನೆ ಹತ್ತಿರ ಮಾತ್ರ ಇಡಬೇಡಪ್ಪಾ" ಎಂದರು. ಗೂಬೆಯಿರುವುದು ಹಿಂಬದಿಯಲ್ಲಿ, ಮುಂಬದಿಯಲ್ಲಿರುವುದು ವಿದ್ಯೆಗೂ ಯುದ್ಧಕ್ಕೂ ನೇಯ್ಗೆಗೂ ಒಡತಿಯಾದ ಅಥೀನಾ ದೇವಿ ಎಂದು ವಿವರಿಸಿದ ಮೇಲೆ ಅವರ ಆಕ್ಷೇಪ ಅರ್ಧದಷ್ಟು ಇಳಿಯಿತು. ಉಳಿದರ್ಧ ಇನ್ನೂ ಹಾಗೆಯೇ ಇದೆ.

ನಾಲ್ಕು ಡ್ರಾಕ್ಮಗಳ ಈ ನಾಣ್ಯಕ್ಕೆ ಟೆಟ್ರಡ್ರಾಕ್ಮವೆಂದು ಹೆಸರು. ತೂಕ ಸುಮಾರು 17.2 ಗ್ರಾಂ, ಅಡ್ಡಳತೆ ಎರಡೂವರೆ ಸೆಂಟಿಮೀಟರಿಗಿಂತ ತುಸು ಕಡಿಮೆ. ಅಷ್ಟು ಚಿಕ್ಕ ಬಿಲ್ಲೆಯಲ್ಲಿ ಅಷ್ಟು ಬೆಳ್ಳಿಯನ್ನು ಹಿಡಿಸಬೇಕಾದ್ದರಿಂದ ಅದು ದಪ್ಪನಾಗಿದೆ, ಅಂಗೈಯಲ್ಲಿಟ್ಟರೆ ನಿರೀಕ್ಷೆಗಿಂತ ಭಾರವೆನಿಸುತ್ತದೆ. ಕ್ರಿ.ಪೂ. ಐದನೆಯ ಶತಮಾನದ ಗೂಬೆಗಳಲ್ಲಿ ದೇವಿಯ ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ನೇರವಾಗಿ ನಮ್ಮನ್ನೇ ನೋಡುವಂತೆ ಕೆತ್ತಿದ್ದಾರೆ. ಶಿಲ್ಪಕಲೆ ಅಷ್ಟು ಮುಂದುವರಿದಿದ್ದ ಊರಿನಲ್ಲಿ, ಅಥೀನಾಳ ಮಹಾದೇಗುಲ ಪಾರ್ಥೆನಾನ್ ಕಟ್ಟುತ್ತಿದ್ದ ವರ್ಷಗಳಲ್ಲಿಯೂ ಟಂಕಸಾಲೆಯವರು ಈ ಹಳೆಯ ಕಾಲದ ಕಣ್ಣನ್ನು ತಿದ್ದದೆ ಬಿಟ್ಟದ್ದಕ್ಕೆ ಕಾರಣ ವ್ಯಾಪಾರವೆಂದೇ ಪಂಡಿತರ ಊಹೆ: ದೂರದೇಶದವರು ಗುರುತು ಹಿಡಿದು ನಂಬಿದ ಮುಖವನ್ನು ಬದಲಾಯಿಸುವ ಸಾಹಸ ಯಾರಿಗೆ ಬೇಕಿತ್ತು? ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ದೇವಿಯ ಶಿರಸ್ತ್ರಾಣದ ತುರಾಯಿ ಹೆಚ್ಚಿನ ನಾಣ್ಯಗಳಲ್ಲಿ ಅಂಚಿನಾಚೆಗೆ ಹೋಗಿ ಕಾಣದಂತಾಗಿದೆ. ತುರಾಯಿ ಪೂರ್ತಿ ಮೂಡಿದ್ದರೆ ಬೆಲೆ ಒಮ್ಮೆಲೇ ಏರುತ್ತದೆ. ಹಿಂಬದಿಯಲ್ಲಿ ಮೈಯನ್ನು ಪಕ್ಕಕ್ಕೂ ಮುಖವನ್ನು ನಮ್ಮ ಕಡೆಗೂ ತಿರುಗಿಸಿ ನಿಂತ ಗೂಬೆ, ಅದರ ಹಿಂದೆ ಆಲಿವ್ ಎಲೆಗಳ ಒಂದು ಚಿಗುರು, ಪುಟ್ಟ ಚಂದ್ರಕಲೆ, ಪಕ್ಕದಲ್ಲಿ ಊರಿನ ಹೆಸರಿನ ಮೊದಲ ಮೂರು ಅಕ್ಷರ. ಕಾಸು ಖರ್ಚಿಲ್ಲದೆ ನೋಡಬೇಕೆನ್ನುವವರು ಇಂದಿನ ಗ್ರೀಸಿನ ಒಂದು ಯೂರೋ ನಾಣ್ಯವನ್ನು ತಿರುಗಿಸಿ ನೋಡಬಹುದು, ಅದರಲ್ಲಿ ಈ ಗೂಬೆಯೇ ಕುಳಿತಿದೆ.

ನನ್ನ ಗೂಬೆಗೆ ಇದರ ಜೊತೆಗೆ ಇನ್ನೊಂದು ಲಕ್ಷಣವುಂಟು. ಅದರ ಹೆಗಲಿನಿಂದ ಕಾಲಿನವರೆಗೆ ಯಾರೋ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದ ಆಳವಾದ ಕಚ್ಚು ಇದೆ. ಭೂತಗನ್ನಡಿ ಹಿಡಿದು ನೋಡಿದರೆ ಕಚ್ಚಿನ ಎರಡು ದಡಗಳಲ್ಲಿ ಬೆಳ್ಳಿ ಉಬ್ಬಿ ನಿಂತಿರುವುದೂ, ತಳದವರೆಗೆ ಅದೇ ಬೂದುಬಣ್ಣದ ಗಟ್ಟಿ ಬೆಳ್ಳಿಯೇ ಇರುವುದೂ ಕಾಣುತ್ತದೆ. ಹರಾಜಿನ ಪಟ್ಟಿಗಳಲ್ಲಿ ಇದನ್ನು ದೋಷವೆಂದು ಬರೆಯುತ್ತಾರೆ, ಮತ್ತು ಆ ಒಂದು ಸಾಲಿನ ದೆಸೆಯಿಂದ ನಾಣ್ಯ ನನ್ನಂಥವನ ಕೈಗೆ ಎಟುಕುವ ಬೆಲೆಗೆ ಇಳಿಯುತ್ತದೆ. ಸಂಗ್ರಾಹಕರಲ್ಲಿ ಬಹುಪಾಲು ಜನ ಗಾಯವಿಲ್ಲದ ಗೂಬೆಯನ್ನೇ ಹುಡುಕುತ್ತಾರೆ. ನನಗಾದರೋ ಈ ಕಚ್ಚು ನಾಣ್ಯದ ಮೇಲಿನ ಮೂರನೆಯ ಚಿತ್ರವಾಗಿ ಕಾಣುತ್ತದೆ: ದೇವಿಯನ್ನೂ ಗೂಬೆಯನ್ನೂ ಅಥೆನ್ಸಿನವರು ಮೂಡಿಸಿದರು, ಇದನ್ನು ಅವರನ್ನು ನಂಬದ ಯಾರೋ ಒಬ್ಬ ಚಿನಿವಾರ ಮೂಡಿಸಿದ.

ಅವನು ನಂಬದಿರುವುದಕ್ಕೆ ಕಾರಣವಿತ್ತು. ಆ ಕಾಲದ ನಾಣ್ಯದ ಬೆಲೆಯೆಂದರೆ ಬಹುಮಟ್ಟಿಗೆ ಅದರೊಳಗಿನ ಬೆಳ್ಳಿಯ ಬೆಲೆ. ತಾಮ್ರದ ತಿರುಳಿಗೆ ಬೆಳ್ಳಿಯ ತೆಳು ಹೊದಿಕೆ ಹೊದಿಸಿ ಅಚ್ಚೊತ್ತಿದ ಖೊಟ್ಟಿ ನಾಣ್ಯಗಳು, ನಿಜವಾದ ನಾಣ್ಯ ಹುಟ್ಟಿದ ಕೆಲವೇ ದಿನಗಳಲ್ಲಿ ಹುಟ್ಟಿಕೊಂಡಿರಬೇಕು. ಗೂಬೆಯನ್ನು ಬರಿಯ ಬೆಳ್ಳಿಯ ತುಂಡೆಂದು ತೂಗಿ ತೆಗೆದುಕೊಳ್ಳುತ್ತಿದ್ದ ಈಜಿಪ್ಟಿನಲ್ಲೂ ಸಿರಿಯಾದ ಕರಾವಳಿಯಲ್ಲೂ ದೊರೆತ ನಿಧಿಗಳಲ್ಲಿ, ಒಳಗಿನ ಲೋಹ ನೋಡಲೆಂದು ಹೊಡೆದ ಇಂಥ ಕಚ್ಚುಗಳು ಹೇರಳ. ಪೂರ್ವದ ಕಡೆಗೂ ಗೂಬೆಗಳು ನಡೆದು ಬಂದವು: 1933ರಲ್ಲಿ ಕಾಬೂಲಿನ ಚಮನ್-ಇ-ಹಜೂರಿ ಎಂಬಲ್ಲಿ ಸಿಕ್ಕ ನಿಧಿಯಲ್ಲಿ ಅಥೆನ್ಸಿನ ಗೂಬೆಗಳೂ ನಮ್ಮ ಉಪಖಂಡದ ವಾಯವ್ಯ ಭಾಗದಲ್ಲಿ ನಾಣ್ಯವಾಗಿ ನಡೆಯುತ್ತಿದ್ದ ಬಾಗಿದ ಬೆಳ್ಳಿಪಟ್ಟಿಗಳೂ ಒಟ್ಟಿಗೇ ಇದ್ದವು. ನಮ್ಮವರ ಮುದ್ರಾಂಕಿತ ನಾಣ್ಯಗಳ ಹಿಂಬದಿಯಲ್ಲಿ ಕಾಣುವ ಸಣ್ಣ ಸಣ್ಣ ಗುರುತುಗಳನ್ನು ಸರಾಫರು ಪರೀಕ್ಷಿಸಿ ಒತ್ತಿದವೆಂದು ವಿದ್ವಾಂಸರು ಹೇಳುತ್ತಾರೆ. ಪರೀಕ್ಷೆಗೆ ಉಳಿ ಹಿಡಿಯುವುದಕ್ಕಿಂತ ಅದು ಸಭ್ಯವಾದ ವಿಧಾನವೆಂಬ ಸಣ್ಣದೊಂದು ಅಭಿಮಾನ ನನಗಿದೆ.

ಅಥೆನ್ಸಿನವರೂ ತಮ್ಮ ನಾಣ್ಯವನ್ನು ಕಣ್ಣುಮುಚ್ಚಿ ನಂಬುತ್ತಿರಲಿಲ್ಲ. ಕ್ರಿ.ಪೂ. 375ರ ಸುಮಾರಿನಲ್ಲಿ ನಿಕೊಫೋನ್ ಎಂಬಾತನ ಸೂಚನೆಯಂತೆ ಅವರು ಮಾಡಿದ ಕಾನೂನೊಂದರ ಶಿಲಾಶಾಸನ 1970ರಲ್ಲಿ ಅಗೋರಾದ, ಅಂದರೆ ಅವರ ಹಳೆಯ ಪೇಟೆಚೌಕದ, ಉತ್ಖನನದಲ್ಲಿ ದೊರೆಯಿತು. ಅದರ ಪ್ರಕಾರ ಪೇಟೆಯಲ್ಲಿ ಚಿನಿವಾರರ ಮೇಜುಗಳ ನಡುವೆ ಒಬ್ಬ ನಾಣ್ಯಪರೀಕ್ಷಕ ದಿನವೂ ಕುಳಿತಿರಬೇಕು. ಆತ ನಗರದ ಒಡೆತನದ ಗುಲಾಮ. ತಂದ ನಾಣ್ಯದೊಳಗೆ ತಾಮ್ರವೋ ಸೀಸವೋ ಇದ್ದರೆ ಅವನು ಅದನ್ನು ಅಲ್ಲಿಯೇ ಅಡ್ಡಲಾಗಿ ಕತ್ತರಿಸಬೇಕು, ಕತ್ತರಿಸಿದ್ದು ದೇವತೆಗಳ ತಾಯಿಯೆಂದು ಅವರು ಪೂಜಿಸುತ್ತಿದ್ದ ದೇವಿಯ ಸ್ವತ್ತಾಗುತ್ತದೆ. ಪರದೇಶದವರು ಗೂಬೆಯ ರೂಪವನ್ನೇ ನಕಲು ಮಾಡಿದ್ದರೂ ಬೆಳ್ಳಿ ಶುದ್ಧವಾಗಿದ್ದರೆ ಅದನ್ನು ತಂದವನಿಗೇ ಹಿಂದಿರುಗಿಸಬೇಕು. ಪರೀಕ್ಷಕ ಒಪ್ಪಿದ ನಾಣ್ಯವನ್ನು ತೆಗೆದುಕೊಳ್ಳಲು ಒಲ್ಲೆನೆಂದ ವ್ಯಾಪಾರಿಯ ಆ ದಿನದ ಸರಕು ಮುಟ್ಟುಗೋಲು. ಪರೀಕ್ಷಕನೇ ತನ್ನ ಜಾಗದಲ್ಲಿ ಇಲ್ಲದಿದ್ದರೆ ಅವನಿಗೆ ಐವತ್ತು ಚಾಟಿಯೇಟು. ಇಡೀ ನಗರದ ವ್ಯಾಪಾರ ಯಾರ ಕಣ್ಣು, ಕಿವಿ, ಬೆರಳುಗಳ ಮೇಲೆ ನಿಂತಿತ್ತೋ ಆ ಮನುಷ್ಯನಿಗೆ ತನ್ನ ಮೈಯ ಮೇಲೆಯೇ ಹಕ್ಕಿರಲಿಲ್ಲ. ಕಾನೂನನ್ನು ಸೂಚಿಸಿದವನ ಹೆಸರು ಕಲ್ಲಿನ ಮೇಲಿದೆ, ಪರೀಕ್ಷಕನ ಹೆಸರು ಇಲ್ಲ.

ಇಷ್ಟೊಂದು ಬಿಗಿ ಕಾನೂನಿನ ಹಿಂದೆ ಸುಟ್ಟುಕೊಂಡ ಕೈಗಳ ನೆನಪೂ ಇದ್ದೀತು. ಗೂಬೆಗಳ ಬೆಳ್ಳಿ ಬರುತ್ತಿದ್ದುದು ಅಥೆನ್ಸಿನ ಆಗ್ನೇಯಕ್ಕಿದ್ದ ಲಾರಿಯನ್ನಿನ ಗಣಿಗಳಿಂದ, ಕ್ರಿ.ಪೂ. 483ರಲ್ಲಿ ಅಲ್ಲಿನ ಹೊಸ ಆದಾಯವನ್ನು ಪ್ರಜೆಗಳು ಹಂಚಿಕೊಳ್ಳದೆ ಹಡಗು ಕಟ್ಟಿಸಬೇಕೆಂದು ಮುಂದಾಳು ಥೆಮಿಸ್ಟೊಕ್ಲೀಸ್ ಒಪ್ಪಿಸಿದ್ದರಿಂದಲೇ ಮೂರು ವರ್ಷಗಳ ಬಳಿಕ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಲು ಅವರಿಗೆ ಸಾಧ್ಯವಾಯಿತು. ಅದೇ ಅಥೆನ್ಸ್ ಮುಂದೆ ಸ್ಪಾರ್ಟಾದೊಡನೆ ಕಾದುತ್ತಿದ್ದಾಗ, ಕ್ರಿ.ಪೂ. 413ರಲ್ಲಿ ಶತ್ರುಗಳು ಸಮೀಪದ ಡೆಸಿಲಿಯಾದಲ್ಲಿ ಬೀಡುಬಿಟ್ಟರು; ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರೆಂದು ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ. ಗಣಿ ನಿಂತಿತು, ಬೆಳ್ಳಿ ಬತ್ತಿತು, ಕೊನೆಗೆ ನಗರವೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ನಾಣ್ಯ ಹೊರಡಿಸಿತು. ಅರಿಸ್ಟೊಫನೀಸ್ ಕ್ರಿ.ಪೂ. 405ರ ತನ್ನ ಪ್ರಹಸನದಲ್ಲಿ, ನಿನ್ನೆ ಮೊನ್ನೆ ಕೆಟ್ಟ ಅಚ್ಚಿನಲ್ಲಿ ಒತ್ತಿದ ಈ ತಾಮ್ರದ ಕಾಸುಗಳನ್ನೂ ಆಗಿನ ಪುಢಾರಿಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ. ಮುಂದಿನ ಇನ್ನೊಂದು ಪ್ರಹಸನದಲ್ಲಿ ಒಬ್ಬ ತನ್ನ ಸಂಕಟ ಹೇಳಿಕೊಳ್ಳುತ್ತಾನೆ: ದ್ರಾಕ್ಷಿ ಮಾರಿ, ಬಂದ ತಾಮ್ರದ ಕಾಸುಗಳನ್ನು ಬಾಯಿತುಂಬ ಇಟ್ಟುಕೊಂಡು ಬಾರ್ಲಿ ಹಿಟ್ಟು ಕೊಳ್ಳಲು ಹೋಗಿ ಚೀಲ ಒಡ್ಡಿದ್ದನಷ್ಟೇ, ಇನ್ನು ಮುಂದೆ ತಾಮ್ರ ನಡೆಯದು, ಬೆಳ್ಳಿ ಮಾತ್ರ ಎಂದು ಡಂಗುರದವನು ಸಾರಿಬಿಟ್ಟ. ಒಂದು ಸಂಜೆಯ ಘೋಷಣೆಗೆ ಕಿಸೆಯ ನೋಟು ಕಾಗದವಾದದ್ದನ್ನು 2016ರಲ್ಲಿ ಕಂಡ ನಮಗೆ ಈ ಹಾಸ್ಯ ಬಿಡಿಸಿ ಹೇಳಬೇಕಾದದ್ದಲ್ಲ.

ಬಾಯಲ್ಲಿ ಕಾಸಿಟ್ಟುಕೊಳ್ಳುವುದು ಕವಿಯ ಕಲ್ಪನೆಯಲ್ಲ, ಅಥೆನ್ಸಿನವರ ನಿತ್ಯದ ಅಭ್ಯಾಸ. ಡ್ರಾಕ್ಮದ ಆರನೆಯ ಒಂದು ಪಾಲಾದ ಓಬಲ್ ಎಂಬ ಚಿಲ್ಲರೆ ಮುಕ್ಕಾಲು ಗ್ರಾಮೂ ತೂಗದು. ಕುಂಕುಮದ ಬೊಟ್ಟಿನಷ್ಟು ಅಗಲದ ಆ ಬೆಳ್ಳಿಯ ಚೂರಿನ ಮೇಲೂ ದೇವಿಯನ್ನೂ ಗೂಬೆಯನ್ನೂ ತಪ್ಪದೆ ಕೆತ್ತಿದ್ದಾರೆ. ಜೇಬಿಲ್ಲದ ಉಡುಪಿನವರು ಅದನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ನ್ಯಾಯಾಲಯದಲ್ಲಿ ತೀರ್ಪುಗಾರನಾಗಿ ಕುಳಿತ ಮುದುಕನೊಬ್ಬನಿಗೆ ಅವನ ಭತ್ಯೆಯ ಮೂರು ಓಬಲ್‌ಗಳ ಬದಲು ಜೊತೆಗಾರ ಮೀನುಪೇಟೆಯಿಂದ ಮೂರು ಮೀನಿನ ಹುರುಪೆ ತಂದುಕೊಟ್ಟನೆಂದೂ, ಕಾಸೆಂದು ಬಾಯಿಗೆ ಹಾಕಿಕೊಂಡ ಮುದುಕ ನಾತ ಬಡಿದು ಉಗಿದನೆಂದೂ ಅರಿಸ್ಟೊಫನೀಸನೇ ಹೇಳುತ್ತಾನೆ. ಬೆಲೆಬಾಳುವ ನಾಣ್ಯಗಳ ಗೋಜಿಗೆ ಹೋಗದೆ ಈ ಚಿಲ್ಲರೆಯನ್ನಷ್ಟೇ ಕೂಡಿಡುವ ಜಾಣರಿದ್ದಾರೆ. ಸೀನಿದರೆ ಹಾರಿಹೋಗುವ ಅದನ್ನು ಹುಡುಕಲು ಅವರು ನೆಲದ ಮೇಲೆ ಮಂಡಿಯೂರಿದ್ದನ್ನೂ ಕಂಡಿದ್ದೇನೆ. ಆದರೆ ಅದೇ ಓಬಲ್ಲಿಗೆ ಇನ್ನೊಂದು ಲೆಕ್ಕವುಂಟು. ಸೇನಾಪತಿ ನಿಕಿಯಸ್ ತನ್ನ ಸಾವಿರ ಗುಲಾಮರನ್ನು ಗಣಿಯ ಗುತ್ತಿಗೆದಾರನಿಗೆ ತಲೆಗೆ ದಿನಕ್ಕೊಂದು ಓಬಲ್ಲಿನಂತೆ ಬಾಡಿಗೆಗೆ ಕೊಟ್ಟಿದ್ದನೆಂದು ಜೆನೊಫನ್ ದಾಖಲಿಸಿದ್ದಾನೆ. ಅಂದರೆ ನನ್ನ ಟೆಟ್ರಡ್ರಾಕ್ಮ, ಲಾರಿಯನ್ನಿನ ಇಕ್ಕಟ್ಟಾದ ಸುರಂಗದಲ್ಲಿ ತೆವಳಿದ ಒಬ್ಬ ಮನುಷ್ಯನ ಇಪ್ಪತ್ತನಾಲ್ಕು ದಿನಗಳ ಬಾಡಿಗೆ. ಆ ಬಾಡಿಗೆಯೂ ಅವನ ಕೈಸೇರಲಿಲ್ಲ.

ಗೂಬೆಯೊಂದನ್ನೇ ಹಿಡಿದು ಕೂರುವುದು ಉಳಿದ ಊರುಗಳಿಗೆ ಅನ್ಯಾಯ. ಕೊರಿಂಥಿನವರದು ರೆಕ್ಕೆಯ ಕುದುರೆ, ಸಿಸಿಲಿಯ ಅಕ್ರಗಾಸಿನವರದು ಹದ್ದು ಮತ್ತು ಏಡಿ, ಇಟಲಿಯ ಮೆಟಪಾಂಟಮ್ಮಿನವರದು ಬಾರ್ಲಿಯ ತೆನೆ, ಎಫೆಸಸ್ಸಿನವರದು ಜೇನುನೊಣ. ಎಲ್ಲಕ್ಕಿಂತ ಮಿಗಿಲಾದದ್ದು ಸಿರಕ್ಯೂಸಿನ ಹತ್ತು ಡ್ರಾಕ್ಮಗಳ ನಾಣ್ಯವೆಂದು ಎಲ್ಲರೂ ಹೇಳುತ್ತಾರೆ: ನಲವತ್ತು ಗ್ರಾಮಿಗೂ ಮಿಕ್ಕಿದ ಬೆಳ್ಳಿ, ಒಂದು ಕಡೆ ನಾಲ್ಕು ಕುದುರೆಗಳ ರಥ, ಇನ್ನೊಂದು ಕಡೆ ಡಾಲ್ಫಿನ್ನುಗಳು ಸುತ್ತುವರಿದ ಅರೆಥೂಸಾ ದೇವತೆ, ಮತ್ತು ಅಚ್ಚು ಕೊರೆದ ಕಿಮೋನ್, ಯುಐನೆಟೋಸ್ ಎಂಬ ಕಲಾವಿದರ ರುಜು. ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತು ನಾನೂ ಬೆರಗಾಗಿದ್ದೇನೆ. ಆದರೂ ಅಷ್ಟು ಚೆಲುವಾದದ್ದನ್ನು ಕೊಟ್ಟು ಯಾರಾದರೂ ಒಣಮೀನು ಕೊಂಡಿದ್ದಾರೆಯೇ ಎಂಬ ಸಂಶಯ ಬಂದ ಕೂಡಲೇ ನನ್ನ ಆಸೆ ಸ್ವಲ್ಪ ತಣ್ಣಗಾಗುತ್ತದೆ. ಅದರ ಬೆಲೆ ಕೇಳಿದರೆ ಪೂರ್ತಿ ತಣ್ಣಗಾಗುತ್ತದೆ.

ಚಿನಿವಾರನ ಅನುಮಾನ ಈಗ ಸಂಗ್ರಾಹಕನ ಪಾಲಿಗೆ ಬಂದಿದೆ, ದಿಕ್ಕು ಮಾತ್ರ ಬದಲಾಗಿದೆ. ಅವನಿಗೆ ಬೇಕಾಗಿದ್ದುದು ಬೆಳ್ಳಿ. ನಮಗೆ ಬೇಕಾದದ್ದು ಹಳೆಯ ಬೆಳ್ಳಿ. ಜರ್ಮನಿಯ ಆಫೆನ್‌ಬಾಖಿನಲ್ಲಿದ್ದ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಎಂಬ ಮಹಾಶಯ ಪ್ರಾಚೀನ ನಾಣ್ಯಗಳ ನೂರಾರು ಅಚ್ಚುಗಳನ್ನು ಸ್ವತಃ ಕೊರೆದು, ಶುದ್ಧ ಬೆಳ್ಳಿಯಲ್ಲೇ ಒತ್ತಿ, ಹೊಸ ಹೊಳಪು ಹೋಗಲೆಂದು ಅವನ್ನು ಕಬ್ಬಿಣದ ಪುಡಿಯೊಂದಿಗೆ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ತನ್ನ ಸಾರೋಟಿಗೆ ಕಟ್ಟಿಸಿ ಹಳ್ಳಕೊಳ್ಳದ ರಸ್ತೆಯಲ್ಲಿ ಸವಾರಿ ಹೊರಡುತ್ತಿದ್ದನಂತೆ. ಅಥೆನ್ಸಿನ ಪರೀಕ್ಷಕನ ಮುಂದೆ ಇಟ್ಟಿದ್ದರೆ ಬೆಕರನ ಸರಕು ಪಾಸಾಗುತ್ತಿತ್ತು, ಏಕೆಂದರೆ ಅದರಲ್ಲಿ ತಾಮ್ರವಿರಲಿಲ್ಲ. ನಾವು ಅಂಚು ನೋಡುತ್ತೇವೆ, ತೂಕ ನೋಡುತ್ತೇವೆ, ಎರಕ ಹೊಯ್ದ ನಕಲಿನ ಮೇಲಿರುವ ಸಣ್ಣ ಗುಳ್ಳೆಗಳಿಗಾಗಿ ಹುಡುಕುತ್ತೇವೆ, ಅಚ್ಚೊತ್ತಿದ ಮೇಲೆ ಬಿದ್ದ ಒಂದೇ ಗೀರು ಎರಡು ನಾಣ್ಯಗಳ ಮೇಲೆ ಕಂಡರೆ ನಿದ್ದೆ ಕಳೆದುಕೊಳ್ಳುತ್ತೇವೆ. ಇಷ್ಟಾದರೂ ಸಮಾಧಾನವಾಗದವರು ನಾಣ್ಯವನ್ನು ಪರಿಣತರಿಗೆ ಕಳುಹಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿಸಿಕೊಳ್ಳುತ್ತಾರೆ. ಅಲ್ಲಿಗೆ ಅಂಗೈಗೂ ಬೆಳ್ಳಿಗೂ ಸಂಬಂಧ ಕಡಿದುಹೋಗುವುದರಿಂದ ನನಗೆ ಆ ವ್ಯವಸ್ಥೆ ಒಗ್ಗಿಲ್ಲ.

ಇದಕ್ಕಿಂತ ಕಷ್ಟವಾದ ಪ್ರಶ್ನೆ ಮತ್ತೊಂದಿದೆ: ನಾಣ್ಯ ನಿಜ, ಆದರೆ ಇಲ್ಲಿಗೆ ಬಂದದ್ದು ಹೇಗೆ? 1984ರಲ್ಲಿ ಟರ್ಕಿಯ ಎಲ್ಮಾಲಿ ಎಂಬ ಊರಿನ ಬಳಿ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿಯೊಂದನ್ನು ಅಗೆದು ತೆಗೆದು ದೇಶದಿಂದಾಚೆಗೆ ಸಾಗಿಸಿದರು. ಅದರಲ್ಲಿ ಅಥೆನ್ಸಿನ ಹತ್ತು ಡ್ರಾಕ್ಮಗಳ ಅತಿ ವಿರಳ ನಾಣ್ಯಗಳು ಹದಿನಾಲ್ಕಿದ್ದವು. ಅಮೆರಿಕದ ಸಿರಿವಂತರ ಕೈಸೇರಿದ್ದ ಬಹುಪಾಲು ನಿಧಿ, ಟರ್ಕಿ ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ, 1999ರಲ್ಲಿ ಹಿಂದಿರುಗಿತು. ಯಾವ ನಾಣ್ಯ ಯಾವುದರ ಪಕ್ಕದಲ್ಲಿತ್ತು, ಯಾವುದು ಸವೆದಿತ್ತು, ಯಾವುದು ಹೊಸದಾಗಿತ್ತು ಎಂಬುದರಿಂದಲೇ ನಿಧಿಯ ಕಾಲವನ್ನು ನಿರ್ಣಯಿಸಬೇಕಾದ ವಿದ್ವಾಂಸರಿಗೆ, ಕಳ್ಳಗುದ್ದಲಿ ಬಿದ್ದ ಕಡೆ ಓದಲು ಏನೂ ಉಳಿಯುವುದಿಲ್ಲ. ಆದುದರಿಂದ ಹಳೆಯ ಹರಾಜಿನ ಪಟ್ಟಿಯಲ್ಲಿ ಚಿತ್ರಸಮೇತ ಮುದ್ರಣಗೊಂಡ, ಒಡೆಯರ ಚರಿತ್ರೆಯುಳ್ಳ ನಾಣ್ಯವನ್ನಲ್ಲದೆ ಬೇರೆಯದನ್ನು ಕೊಳ್ಳಬಾರದೆಂಬುದು ನನ್ನ ನಿಲುವು. ಅಂಥವು ತುಟ್ಟಿಯಾದ್ದರಿಂದ, ಗಾಯಗೊಂಡ ನಾಣ್ಯಗಳ ಮೇಲಿನ ನನ್ನ ಪ್ರೀತಿಗೆ ಸಿದ್ಧಾಂತದ ಜೊತೆ ಜಿಪುಣತನದ ಬೆಂಬಲವೂ ಸಿಕ್ಕಿದೆ.

ಸದ್ಯಕ್ಕೆ ನನ್ನ ಕಣ್ಣಿರುವುದು ಎಜೈನಾ ದ್ವೀಪದ ಆಮೆಯ ಮೇಲೆ. ಹನ್ನೆರಡು ಗ್ರಾಮಿಗೆ ತುಸು ಹೆಚ್ಚಿನ ಈ ನಾಣ್ಯದ ಮೇಲೆ ಎಜೈನಾದವರು ಮೊದಲು ಕಡಲಾಮೆಯನ್ನು ಟಂಕಿಸುತ್ತಿದ್ದರು, ಐದನೆಯ ಶತಮಾನದ ನಡುವೆ ನೆಲದ ಆಮೆಗೆ ಬದಲಾದರು. ಅಥೆನ್ಸಿನೆದುರು ಸೋತು ಸಮುದ್ರದ ಮೇಲಿನ ಹಿಡಿತ ಕಳೆದುಕೊಂಡ ದುಃಖದಿಂದಲೇ ಹಾಗೆ ಮಾಡಿದರೆಂದು ಕೆಲವರು ಕಥೆ ಕಟ್ಟುತ್ತಾರೆ, ಕಥೆ ಚೆನ್ನಾಗಿದೆ, ಅಷ್ಟೇ. ವರ್ತಕರೊಬ್ಬರು ಚಿತ್ರ ಕಳುಹಿಸಿರುವುದು ಕಡಲಾಮೆಯದು. ಬೆನ್ನಿನ ನಡುವೆ ಸಾಲಾಗಿ ಗುಂಡುಗಳಿವೆ, ಮುಂಗಾಲುಗಳು ಈಜಲು ಚಾಚಿವೆ, ಚಿಪ್ಪಿನ ಮೇಲೆ ಯಾರೋ ಹಳೆಯ ಕಾಲದ ಸರಾಫರು ತಮ್ಮ ಗುರುತುಗಳನ್ನು ಮೂರು ಕಡೆ ಒತ್ತಿದ್ದಾರೆ. ಈ ಮೂರು ಕಲೆಗಳಿಗಾಗಿ ಕ್ಷಮಿಸಬೇಕೆಂದೂ, ಇದೇ ಬೆಲೆಗೆ ಕಲೆಯಿಲ್ಲದ ನೆಲದಾಮೆಯೊಂದನ್ನು ಕೊಡಲು ಸಿದ್ಧವೆಂದೂ ಆ ಸಜ್ಜನರು ಬರೆದಿದ್ದಾರೆ. ಕಲೆಗಳ ಚಿತ್ರವನ್ನು ಇನ್ನೂ ಹತ್ತಿರದಿಂದ ತೆಗೆದು ಕಳುಹಿಸಿರೆಂದು ಉತ್ತರಿಸಿದ್ದೇನೆ.