ಸತ್ಯಾಂಶ: ಹಳೆಯ ಮನೆ ಮಾರಿದವರು ಐದು ವರ್ಷ ದುರಸ್ತಿ ಮಾಡಿಕೊಡಬೇಕೇ?

ಮನೆ ಕೊಂಡ ಐದು ವರ್ಷಗಳೊಳಗೆ ಕಾಣುವ ಯಾವುದೇ ದೋಷವನ್ನು ಮಾರಿದವರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ಒಬ್ಬರು ತಾವು ವಾಸವಿದ್ದ ಹಳೆಯ ಮನೆಯನ್ನು ಮಾರಿದಾಗ ಈ ನಿಯಮ ಅನ್ವಯಿಸುವುದಿಲ್ಲ.

ಐದು ವರ್ಷದ ಮಾತು ಪೂರ್ತಿ ಕಲ್ಪಿತವಲ್ಲ, ಆದ್ದರಿಂದ ನಂಬಿದವರನ್ನು ದೂರುವಂತಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಮು ಆ ಹೊಣೆಯನ್ನು ಕಟ್ಟಡ ಯೋಜನೆಯ ಪ್ರವರ್ತಕರ, ಅಂದರೆ ಬಿಲ್ಡರ್‌ಗಳ ಮೇಲೆ ಹೊರಿಸುತ್ತದೆ. ದೋಷ ತಿಳಿಸಿದ 30 ದಿನಗಳೊಳಗೆ ಅವರು ಹೆಚ್ಚುವರಿ ಹಣ ಪಡೆಯದೆ ಅದನ್ನು ಸರಿಪಡಿಸಬೇಕು. ಖಾಸಗಿ ಮರುಮಾರಾಟಕ್ಕೆ ಸಂಬಂಧಿಸಿದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು. ಬೇರೆ ಕರಾರು ಇಲ್ಲದಿದ್ದರೆ, ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು ಎಂದು ಅದು ಹೇಳುತ್ತದೆ. ಎದುರಿಗೇ ಕಾಣುವ ಗೋಡೆಯ ಬಿರುಕು ಅಥವಾ ಒಡೆದ ಶಹಾಬಾದ್ ಕಲ್ಲಿನ ಹಾಸು ಇದರಲ್ಲಿ ಬರುವುದು ಕಷ್ಟ.

ಆದ್ದರಿಂದ ದುರಸ್ತಿಯ ಮಾತುಕತೆ ಕ್ರಯಪತ್ರ ನೋಂದಣಿಗೆ ಮುಂಚೆಯೇ ಮುಗಿಯಬೇಕು. ಮಾಳಿಗೆ ಸೋರುತ್ತಿದ್ದರೆ ಅದನ್ನು ಮಾರುವವರೇ ಸರಿಪಡಿಸುವರೋ, ಬೆಲೆಯಲ್ಲಿ ಇಳಿಸುವರೋ, ಯಾವ ದಿನಾಂಕದೊಳಗೆ ಎಂಬುದನ್ನು ಖರೀದಿ ಕರಾರಿನಲ್ಲಿ ಬರೆಸಬೇಕು. ಬಾಯಿಮಾತಿನ ಭರವಸೆಯನ್ನು ನಂತರ ಸಾಬೀತುಪಡಿಸುವುದು ಬಹಳ ಕಷ್ಟ, ಪರಿಚಯಸ್ಥರ ನಡುವಿನ ವ್ಯವಹಾರಗಳೂ ಇದರಿಂದ ಕೆಡಬಹುದು.

ಇಂಥ ಸಂದೇಶ ಬಂದಾಗ ಕಾಯ್ದೆಯ ಹೆಸರು, ವರ್ಷ, ಕಲಮಿನ ಸಂಖ್ಯೆ ಇದೆಯೇ ಎಂದು ನೋಡಿ, ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲಪಾಠ ತೆರೆದು, ಹೊಣೆ ಯಾರ ಮೇಲಿದೆ ಎಂಬ ಒಂದು ಪದವನ್ನು ಮೊದಲು ಹುಡುಕಿ. ಹೊಸ ಫ್ಲ್ಯಾಟ್ ಆದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಆ ಯೋಜನೆ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಬಹುದು.