ಈಡು ಹೊಡೆದವರೇ ನೆಲವನ್ನೂ ತೊಳೆಯುವ ಊರು

ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ಒಂಬತ್ತು ದಿನಗಳ ಹಂಗಾಮು ಶುರುವಾಗುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡಿಗೆ ಹೋಗುತ್ತಾರೆ. ನಾನಿರುವ ಊರಿನಲ್ಲಿ ಆ ವಾರ ಕೊಳಾಯಿ ಕೆಟ್ಟರೆ ರಿಪೇರಿಗೆ ಜನ ಸಿಗುವುದು ಕಷ್ಟ. ಇಲ್ಲಿನ ಕನ್ನಡಿಗ ಗೆಳೆಯರಲ್ಲಿ ಹೆಚ್ಚಿನವರು ಇದನ್ನು ದೂರದಿಂದ ನೋಡಿ, ಇವರಿಗೆ ಕೋವಿಯ ಹುಚ್ಚು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಹುಚ್ಚು ಈ ದೇಶಕ್ಕಿರುವುದು ನಿಜ. ಅದರ ಬಗ್ಗೆ ನನ್ನ ತಕರಾರನ್ನು ಮುಂದೆ ಹೇಳುತ್ತೇನೆ. ಆದರೆ ಆ ದಿನಗಳಲ್ಲಿ ಇಲ್ಲಿನ ತಂದೆಯರು ಮಾಡುವ ಕೆಲಸವನ್ನು ಹತ್ತಿರದಿಂದ ಕಂಡ ಮೇಲೆ, ನಮ್ಮ ಕಡೆಯ ಗಂಡಸರ ವಿರಾಮದ ಬಗ್ಗೆ ಹೇಳಲೇಬೇಕು ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪದ ಕಡೆಯ ಅಡಿಕೆ ತೋಟದ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು ನಮ್ಮ ಅಜ್ಜಯ್ಯ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದ ಬೇಟೆಗಾರರಾಗಿದ್ದರು. ನಾನು ಹುಟ್ಟುವ ಹೊತ್ತಿಗೆ ಕೋವಿ ಮೂಲೆ ಸೇರಿತ್ತು. ಗೋಡೆಯ ಮೇಲೆ ಕಡವೆಯ ಕೊಂಬು ಮಾತ್ರ ಉಳಿದಿತ್ತು. ಬೇಟೆಯ ಕತೆಗಳಿಗೇನೂ ಬರವಿರಲಿಲ್ಲ. ಹಳು ಸೋವಲು, ಅಂದರೆ ಪೊದೆಗಳಲ್ಲಿ ಗದ್ದಲ ಮಾಡಿ ಪ್ರಾಣಿಗಳನ್ನು ಎಬ್ಬಿಸಿ ಓಡಿಸಲು, ಹೋಗುತ್ತಿದ್ದವರು ತೋಟದ ಆಳುಗಳು. ಮುಳ್ಳು, ಉಂಬಳ (ಜಿಗಣೆ), ಗಾಯಗೊಂಡ ಹಂದಿಯ ಕೋರೆ ಎಲ್ಲವೂ ಅವರ ಪಾಲಿಗೆ. ಬಿಲ್ಲಿಗೆ, ಅಂದರೆ ಪ್ರಾಣಿ ಓಡಿಬರುವ ದಾರಿಯಲ್ಲಿ ಕಾದು, ನಿಂತವರು ಕೋವಿಯಿದ್ದ ಯಜಮಾನರು. ಬಿದ್ದ ಹಂದಿಯನ್ನು ದೊಣ್ಣೆಗೆ ಕಟ್ಟಿ ಹೊತ್ತು ತರುವವರು, ಸುಡುವವರು, ಕೊಯ್ದು ಪಾಲು ಹಾಕುವವರು ಮತ್ತೆ ಆಳುಗಳೇ. ನಾಯಿಗೂ ಒಂದು ಪಾಲಿತ್ತು ಎಂದು ಮನೆಯಲ್ಲಿ ಅಭಿಮಾನದಿಂದ ಹೇಳುತ್ತಾರೆ. ಅಡುಗೆಮನೆಯಲ್ಲಿ ಅಜ್ಜಿ ರಾತ್ರಿಯವರೆಗೆ ಮಸಾಲೆ ಅರೆಯುತ್ತಿದ್ದರು. ಅಜ್ಜಯ್ಯ ಸ್ನಾನ ಮಾಡಿ ಎಲೆಅಡಿಕೆ ಹಾಕಿಕೊಂಡು, ಬಂದವರಿಗೆ ಅಂದಿನ ಬೇಟೆಯನ್ನು ವರ್ಣಿಸುತ್ತಿದ್ದರು. ಅವರ ಪಾಲಿಗೆ ಬೇಟೆಯೆಂದರೆ ಈಡು ಮತ್ತು ಕತೆ. ನಡುವಿನದೆಲ್ಲ ಬೇರೆಯವರದು. ಮಕ್ಕಳು ಅಲ್ಲಿ ಎಲ್ಲಿಯೂ ಇರಲಿಲ್ಲ. ಹುಡುಗನಾಗಿದ್ದ ಅಪ್ಪಯ್ಯನಿಗೆ ತನ್ನ ತಂದೆಯ ಕಾಡು ಗೊತ್ತಾಗಿದ್ದು, ಊರಿನ ಉಳಿದವರಿಗೆ ಗೊತ್ತಾದ ಹಾಗೆ, ಮಾತಿನಿಂದ.

ನಮ್ಮ ನೆರೆಮನೆಯವರು ಟ್ರಕ್ ಮೆಕ್ಯಾನಿಕ್, ಎರಡು ಮಕ್ಕಳ ತಂದೆ. ಹೋದ ಹಂಗಾಮಿನಲ್ಲಿ ಅವರ ಹನ್ನೊಂದು ವರ್ಷದ ಮಗಳು ಅಪ್ಪನ ಜೊತೆ ಬೆಳಕು ಹರಿಯುವ ಮೊದಲೇ ಮರಸಿನಲ್ಲಿ, ಅಂದರೆ ಮರದ ಮೇಲಿನ ಅಡಗುತಾಣದಲ್ಲಿ, ಕುಳಿತಿದ್ದಳು. ಈಡು ತಗುಲಿದ ಮೇಲೆ ಅಪ್ಪ ತಕ್ಷಣ ಕೆಳಗಿಳಿಯಲಿಲ್ಲ. ಅರ್ಧ ಗಂಟೆಯಾದರೂ ಕಾಯಬೇಕು. ಬೆನ್ನು ಹತ್ತಿದರೆ ಪೆಟ್ಟು ತಿಂದ ಪ್ರಾಣಿ ಇನ್ನಷ್ಟು ದೂರ ಓಡಿ ನರಳಿ ಸಾಯುತ್ತದೆ. ಕಾದು, ಇಳಿದು, ಹಿಮದ ಮೇಲಿನ ನೆತ್ತರ ಹನಿಗಳನ್ನು ಹಿಡಿದು ಹೋದರು. ಹನಿ ಕಂಡಲ್ಲೆಲ್ಲ ಮಗಳು ನಿಂತು ಗುರುತು ಹಿಡಿಯಬೇಕು, ಅಪ್ಪ ಮುಂದಿನ ಹನಿ ಹುಡುಕಬೇಕು. ಸಿಕ್ಕ ಜಿಂಕೆಯ ಕರುಳನ್ನು ಅಲ್ಲೇ ತೆಗೆದು, ಇಬ್ಬರೂ ಸೇರಿ ಹಿಮದ ಮೇಲೆ ಎಳೆದು ತಂದರು. ಮಾರನೆಯ ದಿನ ಸಂಜೆ ಐದರೊಳಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಅದನ್ನು ಮೊಬೈಲಿನಲ್ಲಿ ನಮೂದಿಸಿದ್ದೂ ಮಗಳೇ.

ಎರಡು ದಿನ ಬಿಟ್ಟು ಗ್ಯಾರೇಜಿನಲ್ಲಿ ಕೊಯ್ಯುವ ಕೆಲಸಕ್ಕೆ ನನ್ನನ್ನೂ ನನ್ನ ಮಗಳನ್ನೂ ಕರೆದರು. ಮೇಜಿಗೆ ಪ್ಲಾಸ್ಟಿಕ್ ಹಾಸಿತ್ತು. ಜಿಂಕೆಯನ್ನು ತೊಲೆಗೆ ತಲೆಕೆಳಗಾಗಿ ತೂಗುಹಾಕಿದ್ದರು. ಸ್ನಾಯುಗಳ ನಡುವಿನ ಗೆರೆಯಲ್ಲಿ ಚಾಕುವಿನ ತುದಿ ಓಡಿಸಿದರೆ ತುಂಡುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ, ಬಲ ಹಾಕಬಾರದು ಎಂದು ತೋರಿಸಿದರು. ಮೇಲಿನ ಬಿಳಿ ಪೊರೆಯನ್ನು ಸುಲಿಯಬೇಕು. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಅಂಟುವುದರಿಂದ ಅದನ್ನೂ ತೆಗೆಯಬೇಕು. ಎಂಟು ವರ್ಷದ ಮಗನದು ಕಟ್ಟುವ ಕೆಲಸ. ಅವನು ಪ್ರತಿ ತುಂಡನ್ನೂ ಬಿಳಿ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಟೇಪ್ ಹಚ್ಚಿ, ಯಾವ ಭಾಗ, ಯಾವ ತಾರೀಖು ಎಂದು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ಅಕ್ಷರ ತಪ್ಪಿದ್ದಲ್ಲಿ ತಂದೆ ತಿದ್ದಲಿಲ್ಲ. ಎಲ್ಲ ಮುಗಿದ ಮೇಲೆ ಅದೇ ಮನುಷ್ಯ ಬಿಸಿನೀರು ತಂದು, ಮೊಣಕಾಲೂರಿ, ಗ್ಯಾರೇಜಿನ ನೆಲವನ್ನು ಉಜ್ಜಿ ತೊಳೆದರು. ಯಾರನ್ನೂ ಕರೆಯಲಿಲ್ಲ. ಕರೆಯಬಹುದಾದ ಕೆಲಸ ಅದು ಎಂಬ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ.

ನನಗೆ ಮುಖ್ಯವಾಗಿ ಕಂಡಿದ್ದು ಈ ಕೊನೆಯ ಕೆಲಸ. ಬೇಟೆಯ ಸರಿತಪ್ಪುಗಳ ಬಗ್ಗೆ ಯಾರು ಎಷ್ಟಾದರೂ ವಾದಿಸಲಿ, ಒಂದು ಜೀವ ತೆಗೆದವನು ಅದರ ಕರುಳು, ಚರ್ಮ, ವಾಸನೆ, ಕೊಳೆ ಎಲ್ಲಕ್ಕೂ ಕೈಯೊಡ್ಡಬೇಕು, ಮಕ್ಕಳು ಅದನ್ನು ನೋಡಬೇಕು ಎಂಬ ಈ ನಡವಳಿಕೆಯ ಮುಂದೆ ನಮ್ಮ ಮಲೆನಾಡಿನ ಶಿಕಾರಿಯ ವೈಭವ ನನಗೆ ಸಣ್ಣದಾಗಿ ಕಾಣುತ್ತದೆ. ಅಜ್ಜಯ್ಯನ ಮೇಲೆ ನನಗೆ ಪ್ರೀತಿಯಿದೆ. ಆದರೂ ಇದನ್ನು ಹೇಳದೆ ಇರಲಾರೆ.

ಇಲ್ಲಿನ ಕಾನೂನು ಕೂಡ ಈ ಕಲಿಕೆಯನ್ನು ಮನೆಯವರ ಮರ್ಜಿಗೆ ಬಿಟ್ಟಿಲ್ಲ. 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಸ್ವತಂತ್ರವಾಗಿ ಬೇಟೆಗೆ ಹೋಗಬೇಕಾದರೆ ಸುರಕ್ಷತಾ ತರಬೇತಿ ಪಡೆದಿರಬೇಕು. ಮಗಳು ಹಟ ಹಿಡಿದಳೆಂದು ನಾನೂ ಅವಳೂ ಒಟ್ಟಿಗೆ ಆ ತರಗತಿಗೆ ಸೇರಿದೆವು. ಕೋವಿ ತುಂಬಿದೆ ಎಂದೇ ಸದಾ ಭಾವಿಸು. ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತಪಡಿಸಿಕೋ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಈ ನಾಲ್ಕು ಮಾತುಗಳನ್ನು ಮಕ್ಕಳ ಬಾಯಿಪಾಠಕ್ಕೆ ಬಿಡದೆ ಕೈಯಿಂದ ಮಾಡಿಸಿದರು. ಬೇಲಿ ದಾಟುವುದನ್ನೇ ಒಂದು ಗಂಟೆ ಕಲಿಸಿದರು: ಗುಂಡು ತೆಗೆ, ಕೋವಿಯನ್ನು ಜೊತೆಯವರ ಕೈಗೆ ಕೊಡು, ದಾಟು, ನಳಿಗೆ ಆಚೆ ನೋಡುವಂತೆ ಮರಳಿ ಪಡೆ. ಕಲಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು, ಹೆಚ್ಚಿನವರು ಅಜ್ಜಂದಿರು. ತರಗತಿಯಲ್ಲಿ ಹೆಣ್ಣುಮಕ್ಕಳೂ ಬಹಳಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೇಟೆಗೆ ಕರೆದೊಯ್ದ ಒಂದು ಕತೆಯನ್ನೂ ನಾನು ಕೇಳಿಲ್ಲ.

ಹಣದ ವ್ಯವಸ್ಥೆಯೂ ಗಮನಿಸಬೇಕಾದದ್ದು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಕೋವಿ ಮತ್ತು ಗುಂಡುಗಳ ಮೇಲೆ ಶೇಕಡಾ 11ರ ತೆರಿಗೆಯಿದ್ದು, ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಕಾಡುಪ್ರಾಣಿಯ ಮಾಂಸವನ್ನು ಮಾರುವಂತಿಲ್ಲ. ಮಾರುಕಟ್ಟೆಗಾಗಿ ಕೊಂದಾಗ ಏನಾಗುತ್ತದೆ ಎಂಬುದನ್ನು ಈ ದೇಶ ಕಂಡಿದೆ: ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಹೆಚ್ಚಾದ ಮಾಂಸವನ್ನು ಇಲ್ಲಿನವರು ಬಡವರ ಆಹಾರ ಕೇಂದ್ರಗಳಿಗೆ ದಾನ ಕೊಡುತ್ತಾರೆ.

ಇನ್ನು ನನ್ನ ತಕರಾರು. ಅಮೆರಿಕದ ಮಕ್ಕಳ ಮತ್ತು ಹದಿಹರೆಯದವರ ಸಾವಿನ ಕಾರಣಗಳಲ್ಲಿ 2020ರಲ್ಲಿ ಬಂದೂಕು ರಸ್ತೆ ಅಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ಬೇಟೆಯ ಪಾಲು ತೀರಾ ಕಡಿಮೆ. ಕೊಲೆ, ಆತ್ಮಹತ್ಯೆಗಳದೇ ದೊಡ್ಡ ಪಾಲು. ಆದರೂ ಮನೆಯೊಳಗೆ ಇರುವ ಕೋವಿ ಬೇಟೆಯ ಒಂಬತ್ತು ದಿನಗಳಿಗೆ ಮಾತ್ರ ಇರುವುದಿಲ್ಲ, ವರ್ಷವಿಡೀ ಇರುತ್ತದೆ. ತರಬೇತಿ ಮುಗಿಸಿದ ಮೇಲೂ ನಾನು ಮನೆಗೆ ಕೋವಿ ತಂದಿಲ್ಲ, ತರುವುದೂ ಇಲ್ಲ. ನೆರೆಮನೆಯವರ ಜೊತೆ ಬರಿಗೈಯಲ್ಲಿ ಹೋಗಿ, ಎಳೆಯಲು, ಕೊಯ್ಯಲು ನೆರವಾಗುತ್ತೇನೆ. ಕೆಲಸದ ವೀಸಾದಲ್ಲಿ ಇರುವ ನಮ್ಮವರು ಇನ್ನೊಂದು ವಿಷಯ ತಿಳಿದಿರಬೇಕು: ಅಂಥವರು ಬಂದೂಕು ಹೊಂದುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಗೆಳೆಯರ ಕೋವಿಯನ್ನು ಫೋಟೋಗಾಗಿ ಹಿಡಿದುಕೊಳ್ಳುವ ಮೊದಲು ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು.

ಇಲ್ಲಿನ ತಾಯಂದಿರ ಬಗ್ಗೆಯೂ ಹೇಳಬೇಕು. ತಂದೆ ದೂರದ ಬೇಟೆಯ ಬಿಡಾರಕ್ಕೆ ಹೊರಟ ಮನೆಗಳಲ್ಲಿ ಚಿಕ್ಕ ಮಕ್ಕಳು, ಹಬ್ಬದ ತಯಾರಿ, ಹಿಮ ಗುಡಿಸುವುದು ಎಲ್ಲ ಒಬ್ಬರ ತಲೆಯ ಮೇಲೆ. ಅಂಗಡಿಗಳು ಆ ದಿನಗಳಲ್ಲಿ ಹೆಂಗಸರಿಗೆಂದು ವಿಶೇಷ ರಿಯಾಯಿತಿ ಹಾಕುತ್ತವೆ. ಅದು ಸಮಾಧಾನವಲ್ಲ. ನೆರೆಮನೆಯವರು ದೂರದ ಬಿಡಾರ ಬಿಟ್ಟು ಹತ್ತಿರದ ಸಾರ್ವಜನಿಕ ಕಾಡಿಗೆ ಹೋಗತೊಡಗಿದ್ದು ಮಗ ಹುಟ್ಟಿದ ಮೇಲೆ. ಆ ಆಯ್ಕೆಯನ್ನು ನಾನು ಗೌರವಿಸುತ್ತೇನೆ.

ಬೇಟೆ ಮುಗಿದರೂ ಇಲ್ಲಿನ ತಂದೆ ಮನೆಯೊಳಗೆ ಹೋಗಿ ಕೂರುವುದಿಲ್ಲ, ಹಿತ್ತಲಿಗೆ ಬರುತ್ತಾನೆ. ಬೇಸಿಗೆಯ ಸಂಜೆ ಒಲೆ ಹೊತ್ತಿಸುವುದು, ಮಾಂಸ ತಿರುವುವುದು, ಬೆಂಕಿಗುಂಡಿಗೆ ಸೌದೆ ಸೀಳುವುದು, ಪಾತ್ರೆ ಒಳಗೊಯ್ಯುವುದು ಎಲ್ಲ ಅವನದೇ. ಹುಲ್ಲಿನ ಮೇಲೆ ಜಿಂಕೆಗಳು ಬಂದು ಹೂಗಿಡ ಮೇಯುತ್ತವೆ. ನನ್ನ ಮಗಳಿಗೆ ಅವುಗಳಿಗೆ ಜೋಳ ಹಾಕುವ ಆಸೆ. ಹಾಕುವಂತಿಲ್ಲ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಮಿದುಳನ್ನು ಕೊರೆದು ಕೊಲ್ಲುವ ಒಂದು ರೋಗ ಪತ್ತೆಯಾಯಿತು. ಒಂದೇ ಕಡೆ ತಿನ್ನಲು ಗುಂಪುಗೂಡಿದರೆ ಅದು ಹರಡುತ್ತದೆಂದು ರೋಗ ಕಂಡ ಜಿಲ್ಲೆಗಳಲ್ಲಿ ಕಾಳು ಹಾಕುವುದನ್ನು ನಿಷೇಧಿಸಿದ್ದಾರೆ. ಹೊಡೆದ ಜಿಂಕೆಯ ಮಾದರಿಯನ್ನೂ ಹಲವರು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ತಿನ್ನದೆ ಇಡುತ್ತಾರೆ.

ಆದರೆ ಹಿತ್ತಲಿನ ವಿಷಯದಲ್ಲಿ ನಾನು ಪೂರ್ತಿ ನಮ್ಮೂರಿನ ಪಕ್ಷ. ಬೇಲಿಯಿಲ್ಲದಿದ್ದರೂ ಇಲ್ಲಿನ ಹಿತ್ತಲಿಗೆ ಕರೆಯದೆ ಯಾರೂ ಕಾಲಿಡುವುದಿಲ್ಲ. ನಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿರಲಿ, ಮಕ್ಕಳು ಆಡುತ್ತಿರಲಿ, ದಾರಿಯಲ್ಲಿ ಹೋಗುವವರು ತಿರುಗಿ ಬಂದು ಕೂರುತ್ತಾರೆ, ಅಡಿಕೆ ಸುಲಿಯಲು ಕೈಯನ್ನೂ ಹಾಕುತ್ತಾರೆ. ಇಲ್ಲಿ ಒಂಟಿಯಾಗಿ ಬೆಂಕಿ ಕಾಯಿಸುತ್ತ ಕುಳಿತ ತಂದೆಯರನ್ನು ಕಂಡಾಗ ನನಗೆ ಆ ಸದ್ದುಗದ್ದಲ ಬೇಕು ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ್ದರಿಂದ ಕರ್ನಾಟಕದಲ್ಲಿ ಬೇಟೆ ಮತ್ತೆ ಬರಲಿ ಎಂದು ನನ್ನ ಅರ್ಥವಲ್ಲ. ಬರಬಾರದು. ನಮ್ಮ ಕಾಡು ತುಂಡು ತುಂಡಾಗಿದೆ, ಜನಸಂಖ್ಯೆ ದಟ್ಟವಾಗಿದೆ, ಹುಲಿಗೂ ಸೀಳುನಾಯಿಗೂ ಕಡವೆ, ಹಂದಿ ಬೇಕು. ಒಂದು ಕಾಲಕ್ಕೆ ಮೈಸೂರಿನ ಅರಸರ ಬೇಟೆಗೆ ಮೀಸಲಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಇಂದು ಅಲ್ಲಿ ಹುಲಿ ಉಳಿದಿರುವುದು ಕೋವಿ ಕೆಳಗಿಟ್ಟಿದ್ದರಿಂದ. ಗದ್ದೆಗೆ ನುಗ್ಗುವ ಹಂದಿಗೆ ಪರಿಹಾರ ಬೇಕು ಎನ್ನುವ ರೈತರ ಬೇಡಿಕೆ ನ್ಯಾಯವಾದದ್ದು, ಆದರೆ ಅದನ್ನು ವಾರಾಂತ್ಯದ ಮೋಜಿನ ಜೊತೆ ಬೆರೆಸಬಾರದು. ಕೋವಿಯೇ ಸಂಪ್ರದಾಯವಾದ ಕಡೆ ಕೊಡಗಿನವರು ದಾರಿ ತೋರಿಸಿದ್ದಾರೆ: ಕೈಲ್‌ಪೊಳ್ದ್‌ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರೂ ಅದರಲ್ಲಿ ಗುರಿಯಿಡುತ್ತಾರೆ.

ನನ್ನ ಚಿಂತೆ ಬೇರೆ. ಕೋವಿ ಹೋಯಿತು, ಅಜ್ಜಯ್ಯನ ಅಭ್ಯಾಸ ಉಳಿಯಿತು. ಕಾಡನ್ನು ಪ್ರೀತಿಸುವ ಇಂದಿನ ತಂದೆ ಮಕ್ಕಳನ್ನು ಹೋಂಸ್ಟೇಗೆ ಕರೆತರುತ್ತಾನೆ. ಜೀಪು ಓಡಿಸುವವರು ಬೇರೆ, ಪ್ರಾಣಿ ತೋರಿಸುವವರು ಬೇರೆ, ಕೋಳಿ ಕೊಯ್ಯುವವರು, ಬೆಂಕಿ ಹಾಕುವವರು, ಎಂಜಲು ಎತ್ತುವವರು ಬೇರೆ. ಮಕ್ಕಳು ಕಲಿಯುವುದು ಹೊರಾಂಗಣವೆಂದರೆ ಕಾಸು ಕೊಟ್ಟು ಕೂರುವ ಜಾಗ ಎಂಬುದನ್ನು. ಹೋಂಸ್ಟೇ ನಡೆಸುವ ನನ್ನ ಗೆಳೆಯರಿಗೆ ಇದನ್ನೇ ಹೇಳುತ್ತಿರುತ್ತೇನೆ: ಬಂದ ಅಪ್ಪಂದಿರ ಕೈಗೆ ಸೌದೆ ಕೊಡಿ, ಒಲೆ ಹೊತ್ತಿಸಲಿ, ತೋಟದಂಚಿನ ಬಿದಿರಿನ ಕಳಲೆ ಕೊಡಿ, ಮಕ್ಕಳ ಜೊತೆ ಕುಳಿತು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಲಿ. ಕಹಿ ಹೋಗುವವರೆಗೆ ಕಾಯುವುದನ್ನು ಮಕ್ಕಳೂ ನೋಡಲಿ. ಗಿರಾಕಿಗಳು ಓಡಿಹೋಗುತ್ತಾರೆ ಎಂದು ಅವರ ಭಯ. ನನಗೆ ಹಾಗನ್ನಿಸುವುದಿಲ್ಲ, ಒಮ್ಮೆ ಕೈ ಕೊಳೆಯಾದ ಮಗು ಮತ್ತೆ ಅದೇ ಮನೆಗೆ ಹೋಗೋಣ ಎಂದು ಕೇಳುತ್ತದೆ.

ಇಲ್ಲಿನ ಶಾಲೆಗೆ ರಜೆ ಸಿಗುವುದು ನಮ್ಮೂರಿನ ಮಳೆಗಾಲದಲ್ಲಿ, ಗದ್ದೆಯಲ್ಲಿ ಏಡಿ ಸಿಗುವ ಕಾಲಕ್ಕೆ ಸರಿಯಾಗಿ. ಈ ಸಲ ಮಗಳನ್ನು ಏಡಿ ಹಿಡಿಯಲು ಕರೆದೊಯ್ಯಬೇಕೆಂದು ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದೆ. "ಹಿಡಿಯುವುದು ನಾನು ತೋರಿಸುತ್ತೇನೆ, ಮುರಿದು ತೊಳೆಯುವುದು ನಿನ್ನ ಅಮ್ಮನಿಗೇ ಗೊತ್ತು" ಎಂದರು. ಅಮ್ಮ ಹೇಳಿಕೊಟ್ಟರೆ ಸಾಕು, ತೊಳೆಯುವುದು, ಅರೆಯುವುದು, ಪಾತ್ರೆ ತಿಕ್ಕುವುದು ನಾವು ಮೂವರೂ ಮಾಡೋಣ ಎಂದಿದ್ದೇನೆ. ಅಪ್ಪಯ್ಯ ಒಪ್ಪಿದ್ದಾರೆ.