ಶಾಲೆಯ ಹಿಂದಿನ ಬರೆ

ಹಿರೋಶಿಮಾದಲ್ಲಿ ಮಗಳನ್ನು ಪ್ರಾಥಮಿಕ ಶಾಲೆಗೆ ಸೇರಿಸಿದ ದಿನ ಕೈಗೆ ಬಂದ ಕಾಗದಗಳ ನಡುವೆ ಒಂದು ನಕ್ಷೆ ಇತ್ತು. ಶಾಲೆಯ ಹಿಂದಿನ ಗುಡ್ಡದ ಬುಡಕ್ಕೆ ಹಳದಿ ಬಣ್ಣ, ಅದರೊಳಗೆ ಒಂದು ಕೆಂಪು ಪಟ್ಟಿ. ಗುಡ್ಡ ಕುಸಿದರೆ ಮಣ್ಣು ಬಂದು ತಲುಪಬಹುದಾದ ಜಾಗ ಹಳದಿ. ಕಟ್ಟಡವನ್ನೇ ಮುರಿಯುವಷ್ಟು ಜೋರಾಗಿ ಬಂದು ಬೀಳಬಹುದಾದದ್ದು ಕೆಂಪು. ಆಟದ ಮೈದಾನದ ಒಂದು ಮೂಲೆ ಹಳದಿಯಲ್ಲಿತ್ತು. ಅದನ್ನು ಶಾಲೆಯವರೇ ಹೆತ್ತವರ ಕೈಗಿಟ್ಟಿದ್ದರು.

ಕಡಿದಾದ ಇಳಿಜಾರಿಗೆ ಇಲ್ಲಿ ಹಾಕುವ ಲೆಕ್ಕ ಯಾರಿಗೂ ಅರ್ಥವಾಗುವಂಥದ್ದು. ಇಳಿಜಾರು 30 ಡಿಗ್ರಿ, ಎತ್ತರ 5 ಮೀಟರ್ ಮುಟ್ಟಿದರೆ, ಬುಡದಿಂದ ಆ ಎತ್ತರದ ಎರಡರಷ್ಟು ದೂರದವರೆಗೆ ಹಳದಿ. ಗರಿಷ್ಠ 50 ಮೀಟರ್. ಮೇಲಂಚಿನಿಂದ ಆಚೆಗೂ 10 ಮೀಟರ್.

ಮಡಿಕೇರಿಯ ಕಡೆಯವನಾದ ನನಗೆ 2018 ಮರೆಯುವ ವರ್ಷವಲ್ಲ. ಜುಲೈಯಲ್ಲಿ ಇಲ್ಲಿನ ಗುಡ್ಡಗಳು ಜಾರಿದವು, ಆಗಸ್ಟ್‌ನಲ್ಲಿ ಕೊಡಗಿನವು. ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ಅಕ್ಕ ಮುಖ್ಯ ಶಿಕ್ಷಕಿಯಾಗಿರುವ ಶಾಲೆಯ ಹಿಂದೆ ನಾವಿಬ್ಬರೂ ಟೇಪು ಹಿಡಿದು ನಿಂತೆವು. ಜಾಗ ಸಾಲದೆ ಗುಡ್ಡ ಕಡಿದು ಕಟ್ಟಿದ ಶಾಲೆ ಅದು. ಹಾಗೆ ಕಡಿದಾಗ ನಿಲ್ಲುವ ಕಡಿದಾದ ಮಣ್ಣಿನ ಗೋಡೆಗೆ ನಮ್ಮ ಕಡೆ ಬರೆ ಎನ್ನುತ್ತಾರೆ. ಇಲ್ಲಿನ ಬರೆಯ ಎತ್ತರ ಸುಮಾರು 8 ಮೀಟರ್. ಹಾಗಾದರೆ 16 ಮೀಟರ್‌ವರೆಗೂ ಹಳದಿ. ಬುಡದಿಂದ ನಾಲ್ಕನೇ ತರಗತಿಯ ಕಿಟಕಿಗೆ ಮೂರೇ ಮೀಟರ್! ತಡೆಗೋಡೆಯಿಂದ ನೀರು ಹೊರಬೀಳಲು ಬಿಟ್ಟ ತೂತುಗಳಲ್ಲಿ ಮಣ್ಣು ಕಟ್ಟಿ ಹುಲ್ಲು ಬೆಳೆದಿತ್ತು. ಅಕ್ಕ ಕಡ್ಡಿಯಿಂದ ಒಂದನ್ನು ಕೆದಕಿದಳು. ಒಳಗೆಲ್ಲ ಗಟ್ಟಿ.

“ಕಟ್ಟಡ ಭದ್ರವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿದ್ದಾರೆ ಕಣೋ” ಎಂದಳು. ನಿಜ, ಗೋಡೆಯಲ್ಲಿ ಒಂದು ಬಿರುಕಿಲ್ಲ. ಆದರೆ ಪರೀಕ್ಷೆ ಮಾಡಿದವರು ಗೋಡೆ, ಸೂರು ನೋಡಿ ಹೋಗಿದ್ದಾರೆ. ಹಿಂದಿನ ಬರೆಯ ಮಾತೇ ಆ ಕಾಗದದಲ್ಲಿಲ್ಲ.

ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರಲ್ಲ ಎನ್ನಬಹುದು. ಆ ರಜೆ ಮಕ್ಕಳ ಜೀವ ಉಳಿಸುವ ಒಳ್ಳೆಯ ಪದ್ಧತಿ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಮಕ್ಕಳು ಮನೆಗೆ ಹೋದ ಅದೇ ಮಳೆಯಲ್ಲಿ ಅದೇ ಶಾಲೆ ಕಾಳಜಿ ಕೇಂದ್ರವಾಗುತ್ತದೆ. ಮನೆ ಬಿಟ್ಟು ಬಂದವರು ಚಾಪೆ ಹಾಸಿ ಮಲಗುವುದು ಆ ಬರೆಯ ಪಕ್ಕದಲ್ಲೇ. ಬರೆ ಜರಿಯುವುದು ಮಳೆ ಬೀಳುವಾಗಲೇ ಆಗಬೇಕೆಂದೂ ಇಲ್ಲ. ನೀರು ಕುಡಿದ ಮಣ್ಣು ಮಳೆ ಬಿಟ್ಟ ಮೇಲೂ ಜಾರುತ್ತದೆ. ವಯನಾಡಿನ ವೆಳ್ಳಾರ್ಮಲ ಶಾಲೆಗೆ ಬಂಡೆ, ಮರದ ದಿಮ್ಮಿಗಳು ಬಂದು ಬಡಿದದ್ದು 2024ರ ಜುಲೈ 30ರ ನಸುಕಿನಲ್ಲಿ. ಅದೇ ಹಗಲಾಗಿದ್ದರೆ ಎಂದು ಯೋಚಿಸಲೂ ಭಯವಾಗುತ್ತದೆ.

ಜಪಾನೀಯರು ಹುಟ್ಟಿನಿಂದಲೇ ಹೀಗೆ ಎಂದು ಹೊಗಳಲು ನಾನು ಕುಳಿತಿಲ್ಲ. 1999ರಲ್ಲಿ ಹಿರೋಶಿಮಾದಲ್ಲಿ ಗುಡ್ಡ ಕುಸಿದು ಜನ ಸತ್ತ ಮೇಲೆಯೇ ಹಳದಿ–ಕೆಂಪಿನ ಕಾನೂನು ಬಂದದ್ದು. 2014ರ ಆಗಸ್ಟ್‌ನಲ್ಲಿ ಇದೇ ನಗರದಲ್ಲಿ 77 ಜನ ಸತ್ತಾಗ, ಸಮೀಕ್ಷೆ ಮುಗಿದಿದ್ದ ಕಡೆಯೂ ಹಳದಿ ಗೆರೆ ಎಳೆದಿರಲಿಲ್ಲ. ಜಾಗದ ಬೆಲೆ ಬಿದ್ದೀತೆಂಬ ಹೆದರಿಕೆ ಅದಕ್ಕೆ ಒಂದು ಕಾರಣ. ಆ ವರ್ಷವೇ ಕಾನೂನು ತಿದ್ದಿ, ಸಮೀಕ್ಷೆಯ ಫಲಿತಾಂಶ ಪ್ರಕಟಿಸಲೇಬೇಕು ಎಂದರು. ಭೂಕಂಪದ ವಿಷಯದಲ್ಲಿಯೂ ಅಷ್ಟೆ. 2002ರಲ್ಲಿ ಭೂಕಂಪ ತಡೆಯಬಲ್ಲವೆಂದು ಖಚಿತವಾಗಿದ್ದ ಸಾರ್ವಜನಿಕ ಪ್ರಾಥಮಿಕ, ಮಾಧ್ಯಮಿಕ ಶಾಲಾ ಕಟ್ಟಡಗಳು ಅರ್ಧಕ್ಕಿಂತ ಕಡಿಮೆ. 2008ರಲ್ಲಿ ಚೀನಾದ ಸಿಚುವಾನ್‌ನಲ್ಲಿ ಶಾಲೆಗಳು ಕುಸಿದದ್ದನ್ನು ಕಂಡು, ಪರೀಕ್ಷಿಸಿದ ಕಟ್ಟಡಗಳ ಫಲಿತಾಂಶವನ್ನು ಪ್ರಕಟಿಸುವುದು ಇಲ್ಲಿ ಕಡ್ಡಾಯವಾಯಿತು. ತೀರಾ ದುರ್ಬಲವಾದವುಗಳ ದುರಸ್ತಿಗೆ ಸರ್ಕಾರದ ಅನುದಾನವೂ ಹೆಚ್ಚಿತು. 2015ರ ಹೊತ್ತಿಗೆ ಭೂಕಂಪ ತಡೆಯಬಲ್ಲ ಕಟ್ಟಡಗಳ ಪ್ರಮಾಣ ಶೇ 95 ದಾಟಿತು.

ನಕ್ಷೆಯೂ ತಪ್ಪುತ್ತದೆ. 2011ರ ಸುನಾಮಿಯಲ್ಲಿ 74 ಮಕ್ಕಳನ್ನು ಕಳೆದುಕೊಂಡ ಒಕಾವಾ ಶಾಲೆ ಅಪಾಯದ ವಲಯದ ಹೊರಗಿದೆ ಎಂದೇ ನಕ್ಷೆ ಹೇಳಿತ್ತು. ಹಾಗೆಂದು ಅಳೆಯುವುದನ್ನೇ ಬಿಡಲಾಗದು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಗುಡ್ಡಗಾಡಿನ ಪ್ರತಿ ಶಾಲೆಯ ಸೂಚನಾ ಫಲಕದಲ್ಲಿ ಬರೆಯ ಎತ್ತರ, ಅದರಿಂದ ತರಗತಿಗೆ ಇರುವ ದೂರ ಬರೆದಿರಲಿ. ಗುಡ್ಡದಲ್ಲಿ ಎಲ್ಲಿ ಹೊಸದಾಗಿ ಜಲ ಒಡೆದು ನೀರು ಹೊರಬರುತ್ತಿದೆ ಎಂಬುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ, ಅದೂ ಇರಲಿ. ಭೂವಿಜ್ಞಾನಿ ಬಂದು ನೋಡುವವರೆಗೆ ಇಷ್ಟಾದರೂ ಹೆತ್ತವರ ಕಣ್ಣಿಗೆ ಬೀಳಬೇಕು.

ಮಳೆ ಹಿಡಿಯುವ ಮುಂಚೆ ಅಕ್ಕ ನಾಲ್ಕನೇ ತರಗತಿಯನ್ನು ರಸ್ತೆ ಬದಿಯ ಕೋಣೆಗೆ ಸಾಗಿಸಿದಳು. ಐದನೆಯದೂ ಅಲ್ಲೇ ನಡೆಯುತ್ತದೆ, ನಡುವೆ ಎರಡು ಬೀರು ಅಡ್ಡ ಇಟ್ಟಿದ್ದಾರೆ. ಹಿಂದಿನ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅವಳೇ ಇಟ್ಟುಕೊಂಡಿದ್ದಾಳೆ.